ಅಂಗಾಲು ಕೊಡದ ಮೂರು ವಾರ

ಮೊನ್ನೆ ಭಾನುವಾರ ನಿಮ್ಮಪ್ಪ ಬಚ್ಚಲುಮನೆಯ ಹೊಸ್ತಿಲ ಮೇಲೆ ನಿಂತು ಅಂಗಾಲನ್ನು ಕಲ್ಲಿನ ಅಂಚಿಗೆ ತಿಕ್ಕುತ್ತಿದ್ದ. ಒಂದು ಕಾಲು ಆದಮೇಲೆ ಇನ್ನೊಂದು. ನಾನು ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಾ ನೋಡುತ್ತಿದ್ದೆ.

"ಏನಾಯ್ತೋ ರುದ್ರೇಶ ಕಾಲಿಗೆ?"

"ಏನಿಲ್ಲ ಬುಡವ್ವ. ಒಂದೊಂದ್ಸಲ ಜೋಮು ಹಿಡ್ದಂಗಾಯ್ತದೆ."

"ತೋರ್ಸು ಇಲ್ಲಿ."

"ಅಯ್ಯೋ, ನೀನು ನನ್ ಕಾಲು ನೋಡದಾ? ಸುಮ್ನಿರವ್ವ," ಎಂದು ನಕ್ಕು, ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದ.

ಅವನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಗಿ ಇನ್ನೂ ವರ್ಷ ತುಂಬಿಲ್ಲ. ಅದೇ ಕಲ್ಲಿನ ಅಂಚಿಗೆ ಹತ್ತು ವರ್ಷದ ಹಿಂದೆ ನಾನೂ ಕಾಲು ತಿಕ್ಕಿದವಳು. ನನ್ನನ್ನು ಕೇಳಿದವರಿಗೂ ನಾನು "ಏನಿಲ್ಲ" ಎಂದೇ ಹೇಳುತ್ತಿದ್ದೆ. ಭಾನುವಾರದಿಂದ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಬಾಯಲ್ಲಿ ಹೇಳೋಣವೆಂದರೆ, ನಿಮಗೇ ಗೊತ್ತು, ನಾಲ್ಕು ಜನ ಕೂತರೆ ಎದ್ದು ಒಳಗೆ ಹೋಗುವವಳು ನಾನು. ಕೊತ್ತಗೆರೆಯ ಶಾಲೆಯಲ್ಲಿ ನಾಲ್ಕನೇ ತರಗತಿವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದರಲ್ಲೇ ಬರೆಯುತ್ತೇನೆ. ಹಾಳೆ ನಿಮ್ಮ ಹಳೆಯ ನೋಟ್‌ಬುಕ್ಕಿನದು. ಮೊಮ್ಮಕ್ಕಳು ನೀವಿಬ್ಬರೂ ಓದಿ, ಆಮೇಲೆ ನಿಮ್ಮಪ್ಪನ ಕೈಗೆ ಕೊಡಿ.

ಎಪ್ಪತ್ತರ ದಶಕದ ಕೊನೆಯ ಮಾತು. ನಿಮ್ಮ ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ಗುಬ್ಬಿಯ ಮನೆ ಬಿಟ್ಟು ನಾವು ತುಮಕೂರಿನ ಉಪ್ಪಾರಹಳ್ಳಿಗೆ ಬಂದಿದ್ದೆವು. ನೀವಿನ್ನೂ ಶಾಲೆಗೆ ಸೇರಿರಲಿಲ್ಲ. ನನಗೆ ಎಷ್ಟು ನೀರು ಕುಡಿದರೂ ಬಾಯಿ ಒಣಗುತ್ತಿತ್ತು, ಮತ್ತೆ ಮತ್ತೆ ಬಚ್ಚಲಿಗೆ ಹೋಗಬೇಕಾಗುತ್ತಿತ್ತು. ಊರಿನ ನೀರು ಬದಲಾದದ್ದಕ್ಕೆ ಹೀಗೆ ಎಂದುಕೊಂಡು ಯಾರಿಗೂ ಹೇಳಲಿಲ್ಲ. ಕಂಡುಹಿಡಿದವಳು ನಿಮ್ಮಮ್ಮ. ಬಚ್ಚಲಿನ ಮೂಲೆಯಲ್ಲಿ ಇರುವೆ ಸಾಲುಗಟ್ಟಿದ್ದನ್ನು ನೋಡಿ, ಹತ್ತಿರ ಬಂದು ಮೆಲ್ಲಗೆ, "ಅತ್ತೆ, ನಾಳೆ ಡಾಕ್ಟ್ರ ಹತ್ರ ಹೋಗ್ಬರಾಣ," ಎಂದಳು. ಯಾಕೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆ ಉಪಕಾರವನ್ನು ನಾನು ಮರೆತಿಲ್ಲ.

ಬಟವಾಡಿಯಲ್ಲಿ ಒಬ್ಬ ಡಾಕ್ಟರ ಕ್ಲಿನಿಕ್ಕು. ಟಾನಿಕ್ ಬಾಟಲಿಯೊಂದರಲ್ಲಿ ಮೂತ್ರ ತುಂಬಿಕೊಂಡು, ಸೆರಗಿನಲ್ಲಿ ಸುತ್ತಿ, ಸಿಟಿ ಬಸ್ಸಿನಲ್ಲಿ ಹೋದೆವು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಏನವ್ವಾ ಅದು, ತುಪ್ಪಾನಾ?" ಎಂದಾಗ ನಿಮ್ಮಮ್ಮ ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕಿದ್ದು ನನಗೆ ಅವಳ ಬೆನ್ನು ಕುಲುಕಿದ್ದರಲ್ಲೇ ಗೊತ್ತಾಯಿತು.

ಕ್ಲಿನಿಕ್ಕಿನಲ್ಲಿ ಕಾಂಪೌಂಡರು ಎಲ್ಲರ ಮುಂದೆಯೇ ಪರೀಕ್ಷೆ ಮಾಡುತ್ತಿದ್ದರು. ಗಾಜಿನ ಕೊಳವೆಯಲ್ಲಿ ನೀಲಿ ಔಷಧ ಹಾಕಿ, ನಾವು ತಂದದ್ದನ್ನು ಎಂಟು ಹನಿ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕಾಯಿಸಿ, ಮರದ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರು. ನೀಲಿಯಾಗೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ ಆದರೆ ಇದೆ. ಬೆಂಚಿನಲ್ಲಿ ಕೂತವರೆಲ್ಲ ಆ ಸಾಲನ್ನೇ ನೋಡುತ್ತಿದ್ದರು. ಕೊನೆಯ ಕೊಳವೆ ಹಸಿರು ದಾಟಿ, ಹಳದಿ ದಾಟಿ, ಕೆಂಪಗೆ ಇಟ್ಟಿಗೆಯ ಬಣ್ಣಕ್ಕೆ ಬಂತು.

"ಇದ್ಯಾರ್ದಪ್ಪ ಇಟ್ಗೆ? ಮನೇನೇ ಕಟ್ಬೋದಲ್ಲ!" ಎಂದರು ಕುಣಿಗಲ್ ಕಡೆಯಿಂದ ಬಂದಿದ್ದ ಒಬ್ಬ ಯಜಮಾನರು. ಎಲ್ಲರೂ ನಕ್ಕರು. ಕಾಂಪೌಂಡರು "ಗೌರಮ್ಮಾ" ಎಂದು ಕೂಗಿದರು. ನಾನು ಏಳಲಿಲ್ಲ. ಮೂರನೇ ಸಲ ಕೂಗಿದಾಗ ನಿಮ್ಮಮ್ಮ ನನ್ನ ತೋಳು ಹಿಡಿದು ಎಬ್ಬಿಸಿದಳು. ನಗಿಸಿದ ಯಜಮಾನರು ತಲೆ ತಗ್ಗಿಸಿ, "ನಂದೂ ಹೋದ್ ವರ್ಷ ಇದೇ ಬಣ್ಣ ಇತ್ತು ಕಣವ್ವ. ಹೋಗು, ಹೆದರ್ಬೇಡ," ಎಂದರು.

ಹೆದರಬೇಡ ಎಂದರೆ ಆಗುತ್ತದೆಯೇ? ನನಗೆ ಅಪ್ಪ ಕಣ್ಣಮುಂದೆ ಬಂದು ನಿಂತಿದ್ದರು.

ನಾನು ಹನ್ನೆರಡು ವರ್ಷದವಳಿದ್ದಾಗ ಅಪ್ಪನ ಬಲಗಾಲಿನ ಬೆರಳಿಗೆ ಹುಣ್ಣಾಗಿತ್ತು. ಇದೇ ಕಾಯಿಲೆ. ಕೊತ್ತಗೆರೆಯಿಂದ ಬೆಂಗಳೂರಿಗೆ ಕರೆದುಕೊಂಡು ಹೋದವರು ಮೊಣಕಾಲಿನ ತನಕ ಕಾಲು ತೆಗೆಸಿಕೊಂಡು ಬಂದರು. ಆಮೇಲೆ ಅಪ್ಪ ಜಗಲಿಯಲ್ಲಿ ಚಾಪೆಯ ಮೇಲೆ ಕೂತು ನನ್ನನ್ನು ಕರೆಯುತ್ತಿದ್ದರು. "ಗೌರಿ, ಬಲಗಾಲು ಉರೀತದೆ ಕಣವ್ವ, ಒಸಿ ನೀವು." ಇಲ್ಲದ ಕಾಲನ್ನು ಹೇಗೆ ನೀವಲಿ? ಕಾಲು ಇರಬೇಕಾಗಿದ್ದ ಜಾಗದಲ್ಲಿ ಬರಿಯ ಚಾಪೆಯನ್ನು ಸವರುತ್ತಿದ್ದೆ. ಅಪ್ಪ ಕಣ್ಣು ಮುಚ್ಚಿಕೊಂಡು, "ಹಾ, ಅಲ್ಲೇ, ಅಲ್ಲೇ," ಎನ್ನುತ್ತಿದ್ದರು.

ಹೀಗಾಗಿ ನನ್ನ ಕಾಲು ಉರಿಯತೊಡಗಿದಾಗ ನಾನು ಡಾಕ್ಟರಿಗೆ ಹೇಳಲೇ ಇಲ್ಲ. ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಲಿಲ್ಲ, ಸಕ್ಕರೆ ಇಲ್ಲದ ಕಾಫಿ ಕುಡಿದೆ, ಒಬ್ಬಟ್ಟಿನ ದಿನ ಬರೀ ಸಾರು ಮುದ್ದೆ ಉಂಡೆ. ಆದರೆ ತಿಂಗಳಿಗೊಮ್ಮೆ ಡಾಕ್ಟರು, "ಕಾಲು ಹೆಂಗಿದೆಯಮ್ಮ?" ಎಂದಾಗ, "ಚೆನ್ನಾಗದೆ," ಎಂದು ಪಾದವನ್ನು ಸೀರೆಯೊಳಗೆ ಎಳೆದುಕೊಳ್ಳುತ್ತಿದ್ದೆ. ತೋರಿಸಿದರೆ ತೆಗೆಯುತ್ತಾರೆ. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ.

ಅಂಗಾಲಿನಲ್ಲಿ ಮೆಣಸಿನಪುಡಿ ಎರಚಿದಂತೆ ಉರಿ. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು. ಒಗೆಯುವ ಕಲ್ಲಿನ ಪಕ್ಕದ ಒದ್ದೆ ಗೋಣಿಚೀಲದ ಮೇಲೆ ಹೋಗಿ ನಿಲ್ಲುವೆ, ಅದು ಬೆಚ್ಚಗಾದ ಕೂಡಲೇ ನೀರಿನ ಹಂಡೆಯ ಬುಡಕ್ಕೆ ಹೋಗುವೆ, ಅಲ್ಲಿಂದ ಹೊಸ್ತಿಲಿಗೆ. ಹಗಲೆಲ್ಲ ಹೀಗೆ ಮನೆ ಸುತ್ತುತ್ತಿದ್ದೆ. "ಅವ್ವ, ಒಂದ್ಕಡೆ ಕೂತ್ಕೋ, ನಿನ್ ನೋಡ್ತಾ ನೋಡ್ತಾ ನಂಗೇ ತಲೆ ತಿರುಗ್ತದೆ," ಎಂದು ರುದ್ರೇಶ ರೇಗುತ್ತಿದ್ದ. ಪೂಜೆಗೆ ಕೂತು ಲಿಂಗ ಕೈಯಲ್ಲಿ ಹಿಡಿದರೂ ಗಮನವೆಲ್ಲ ಮಡಿಸಿದ ಕಾಲಿನಲ್ಲೇ ಇರುತ್ತಿತ್ತು.

ಆಗ ಸಿಕ್ಕವರು ಗಿರಿಜಮ್ಮನವರು. ನಿಮ್ಮಮ್ಮ ಬಟವಾಡಿಯ ಬಸ್‌ಸ್ಟಾಪಿನಲ್ಲಿ ಅವರನ್ನು ಕಂಡು ಮಾತಾಡಿಸಿಕೊಂಡು ಬಂದಿದ್ದಳು. ಅವರು ಗುಬ್ಬಿಯ ಮಠದ ಮನೆಯವರು. ನಿಮ್ಮ ತಾತನ ಮನೆತನಕ್ಕೆ ಅದು ಗುರುಮನೆ. ಮದುವೆಯಾಗಿ ಬಂದ ವಾರದಲ್ಲೇ ನಾನು ಆ ಮನೆಯ ಅಯ್ಯನವರ ಕಾಲು ತೊಳೆದು ಪಾದಪೂಜೆ ಮಾಡಿದ್ದೆ. ಆ ಅಯ್ಯನವರ ಮಗಳು ಇವರು. ನನಗಿಂತ ಹತ್ತು ವರ್ಷ ದೊಡ್ಡವರು. ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದು, ರಿಟೈರ್ ಆಗಿ ಬಟವಾಡಿಯ ಬಾಡಿಗೆ ಮನೆಯಲ್ಲಿದ್ದರು. ತಮ್ಮ ಸೊಂಟನೋವಿಗೆಂದು ಬೆಂಗಳೂರಿನ ಒಂದು ಶಿಬಿರಕ್ಕೆ ಹೋದವರು, ಅಲ್ಲಿ ಅಂಗಾಲು ಒತ್ತುವುದನ್ನು ಕಲಿತು ಬಂದಿದ್ದರು. ರಿಫ್ಲೆಕ್ಸಾಲಜಿ ಎಂದು ಅದಕ್ಕೆ ಹೆಸರಂತೆ. ಅವರ ಗೋಡೆಯ ಮೇಲೆ ಎರಡು ಅಂಗಾಲುಗಳ ದೊಡ್ಡ ಚಿತ್ರ ಇತ್ತು. ಹೆಬ್ಬೆರಳಲ್ಲಿ ತಲೆ, ನಡುವೆ ಹೊಟ್ಟೆ, ಹಿಮ್ಮಡಿಯಲ್ಲಿ ಸೊಂಟ ಎಂದು ಬಣ್ಣ ಬಣ್ಣವಾಗಿ ಗುರುತು ಮಾಡಿದ್ದರು.

"ಇದೆಲ್ಲ ದಿಟಾನಾ ಅಮ್ನೋರೆ?" ಎಂದು ನಿಮ್ಮಮ್ಮ ಕೇಳಿದಳು.

"ದಿಟಾನೋ ಸುಳ್ಳೋ ನಾನೇನು ಒಳಗೋಗಿ ನೋಡಿದೀನಾ? ಒತ್ತಿಸ್ಕಂಡ್ರೆ ಜೀವಕ್ಕೆ ಹಿತ ಆಯ್ತದೆ, ಅಷ್ಟು ಗೊತ್ತು. ಸಕ್ರೆ ಕಾಯ್ಲೆ ನೋಡೋದು ಡಾಕ್ಟ್ರ ಕೆಲ್ಸ. ಏ ಗೌರಿ, ಮಾತ್ರೆ ನುಂಗ್ತಿದೀಯೇನೇ? ನುಂಗ್ದಿದ್ರೆ ನನ್ನ ಬಾಗ್ಲಿಗೆ ಬರ್ಲೇಬೇಡ."

"ನುಂಗ್ತೀನಿ ಅಮ್ನೋರೆ."

"ಹಂಗಾರೆ ಕೂತ್ಕೋ," ಎಂದು ತಮ್ಮ ಮುಂದೆ ಸ್ಟೂಲು ಎಳೆದು, ತೊಡೆಯ ಮೇಲೆ ಟವೆಲು ಹಾಸಿಕೊಂಡು, "ಕೊಡು ಕಾಲು," ಎಂದರು.

ನಾನು ಹಾವು ಕಂಡವಳಂತೆ ಎದ್ದು ನಿಂತೆ. ಅವರ ತಂದೆಯ ಪಾದ ತೊಳೆದ ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡವಳು ನಾನು. ನನ್ನ ಕಾಲನ್ನು ಅವರ ತೊಡೆಯ ಮೇಲಿಡುವುದೇ? "ಬ್ಯಾಡಿ ಅಮ್ನೋರೆ, ಪಾಪ ಬರ್ತದೆ," ಎಂದೆ.

"ನಿನ್ ಕಾಲಿಗೇನು ಕೋಡು ಮೂಡವಾ? ಕೊಡೇ."

ಕೊಡಲಿಲ್ಲ. ನೆಲದ ಮೇಲೆ, ಅವರ ಪಾದದ ಬಳಿ ಕೂತುಬಿಟ್ಟೆ. ನಿಮ್ಮಮ್ಮ ಹೇಳಿದಳು, ಅವರು ಗದರಿದರು. ನನಗೆ ಅಳುವೇ ಬಂತು. ಕೊನೆಗೆ ಅವರೇ ಸೋತು, "ಅಂಗೈಯಲ್ಲೂ ಇದೇ ತರ ಗುರುತು ಅವೆ. ಕೈನಾದ್ರೂ ಕೊಡ್ತೀಯೋ, ಅದಕ್ಕೂ ಪಾಪ ಬರ್ತದೋ?" ಎಂದರು.

ಹಾಗೆ ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಗಿರಿಜಮ್ಮನವರು ನನ್ನ ಅಂಗೈ ಒತ್ತತೊಡಗಿದರು. ಹೆಬ್ಬೆರಳಿನಿಂದ, ಹುಳು ತೆವಳಿದಂತೆ ನಿಧಾನವಾಗಿ ಒಂದೊಂದು ಜಾಗವನ್ನೂ ಒತ್ತಿ ಮುಂದೆ ಹೋಗುತ್ತಿದ್ದರು. ಮೊದಲ ದಿನವೇ ನಾನು ಎಷ್ಟೋ ತಿಂಗಳ ಮೇಲೆ ಒಂದು ಗಂಟೆ ಅಲ್ಲಾಡದೆ ಕೂತೆ. ನಿಮ್ಮ ತಾತ ಹೋದಮೇಲೆ ನನ್ನ ಕೈಯನ್ನು ಯಾರೂ ಅಷ್ಟು ಹೊತ್ತು ಹಿಡಿದಿರಲಿಲ್ಲ. ಮನೆಗೆ ಬಂದು ಮಧ್ಯಾಹ್ನ ಗಾಢವಾಗಿ ನಿದ್ದೆ ಮಾಡಿದೆ.

ಮನೆಯಿಂದ ಅವರಲ್ಲಿಗೆ ನಡೆದೇ ಹೋಗುತ್ತಿದ್ದೆ. ಎರಡನೆಯ ಸಲ ಹೋಗುವಾಗ ಬಲಗಾಲಿನ ಹವಾಯಿ ಚಪ್ಪಲಿಯ ಬಾರು ಮುಂದಿನ ತೂತಿನಿಂದ ಕಿತ್ತು ಬಂತು. ಎಲ್ಲರೂ ಮಾಡುವಂತೆ ನಾನೂ ಮಾಡಿದೆ. ಸೆರಗಿಗೆ ಹಾಕಿದ್ದ ಪಿನ್ನು ತೆಗೆದು, ಬಾರನ್ನು ತೂತಿಗೆ ತೂರಿಸಿ, ಅಡಿಯಿಂದ ಅಡ್ಡಲಾಗಿ ಪಿನ್ನು ಚುಚ್ಚಿದೆ. ಸರಿಯಾಯಿತು. ಮತ್ತೆ ಅದನ್ನು ನೆನೆಯಲೂ ಇಲ್ಲ.

ಮೂರನೆಯ ವಾರಕ್ಕೆ ಬಲಗಾಲಿನ ಉರಿ ತಣ್ಣಗಾಗುತ್ತಾ ಬಂತು. ನನಗೆ ಎಷ್ಟು ಹಿಗ್ಗು! "ಕೈ ಒತ್ತಿಸ್ಕಂಡಿದ್ದೇ ಕಾಲಿಗೂ ತಾಕ್ತು ಕಣೆ," ಎಂದು ನಿಮ್ಮಮ್ಮನಿಗೆ ಹೇಳಿದೆ. ಅವಳೂ ನಂಬಿದಳು. ಕಾಲಿಗೆ ಅರಿವೇ ಹೊರಟುಹೋಗಿತ್ತು ಎಂಬುದು ಆಗ ಗೊತ್ತಾಗಲಿಲ್ಲ.

ಆ ಶುಕ್ರವಾರ ಗಿರಿಜಮ್ಮನವರು ಕೈ ಒತ್ತುತ್ತಾ ಒತ್ತುತ್ತಾ ನಿಲ್ಲಿಸಿದರು. ಮೂಗು ಮೇಲೆತ್ತಿದರು.

"ಮಂಗಳಾ, ಇಲ್ಲೇನೋ ಸತ್ತದಲ್ಲೇ."

ನಿಮ್ಮಮ್ಮ ಎದ್ದು ಅಕ್ಕಿ ಚೀಲದ ಹಿಂದೆ, ಮಂಚದ ಕೆಳಗೆ ಇಲಿ ಹುಡುಕಿದಳು. ನಾನೂ ಹುಡುಕಲು ಎದ್ದೆ. ನಾನು ಎದ್ದ ಜಾಗದಲ್ಲಿ ಚಾಪೆಯ ಮೇಲೆ ಒದ್ದೆಯಾದ ಕಲೆ ಇತ್ತು. ಗಿರಿಜಮ್ಮನವರು ಅದನ್ನು ನೋಡಿದರು, ನನ್ನನ್ನು ನೋಡಿದರು.

"ಗೌರಿ, ಕಾಲು ಕೊಡು."

"ಬ್ಯಾಡಿ ಅಮ್ನೋರೆ."

"ನಮ್ಮಪ್ಪನ ಕಾಲನ್ನ ಎಷ್ಟು ಸಲ ತೊಳ್ದಿದೀಯಾ?"

"ನೆಪ್ಪಿಲ್ಲ ಅಮ್ನೋರೆ. ಎಷ್ಟೋ ಸಲ."

"ಅವ್ರ ಹಿಮ್ಮಡಿ ಹೆಂಗಿತ್ತು?"

"ಎಡಗಾಲ್ದು ಬಿರುಕು ಬಿಟ್ಟಿತ್ತು. ಒಳಗಡೀಕೆ ಒಂದು ಮಚ್ಚೆ ಇತ್ತು."

"ನಿಂದು ಹೆಂಗದೆ?"

ಐವತ್ತು ವರ್ಷ ಆ ಕಾಲಿನ ಮೇಲೆ ನಡೆದಿದ್ದೆ. ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ.

ಅವರು ಮತ್ತೆ ಕೇಳಲಿಲ್ಲ. ನೆಲಕ್ಕಿಳಿದು, ನನ್ನನ್ನು ಎದುರಿಗೆ ಕೂರಿಸಿಕೊಂಡು, ಬಲಗಾಲನ್ನು ಎಳೆದು ತೊಡೆಯ ಮೇಲಿಟ್ಟುಕೊಂಡರು. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ನಿಮ್ಮಮ್ಮ "ಅಯ್ಯಯ್ಯೋ ಅತ್ತೆ," ಎಂದದ್ದು ಮಾತ್ರ ಕೇಳಿಸಿತು. ಎರಡನೇ ಬೆರಳಿನ ಬುಡದಲ್ಲಿ ಹುಣ್ಣು. ಸುತ್ತಲೂ ಕಪ್ಪಾಗಿತ್ತು. ನಿಮ್ಮಮ್ಮ ಹೊರಗೆ ಓಡಿ ಚಪ್ಪಲಿ ತಂದು ತಿರುಗಿಸಿದಳು. ಪಿನ್ನು ಬಿಚ್ಚಿಕೊಂಡು, ಸವೆದ ಅಟ್ಟೆಯನ್ನು ತೂರಿ ಮೇಲೆ ಬಂದಿತ್ತು. ಎಷ್ಟು ದಿನ ಅದರ ಮೇಲೆ ನಡೆದಿದ್ದೆನೋ ಶಿವನೇ ಬಲ್ಲ.

"ಇದನ್ನ ನಾನು ಮುಟ್ಟಂಗಿಲ್ಲ," ಎಂದರು ಗಿರಿಜಮ್ಮನವರು. "ನಂದೇ ತಪ್ಪು. ಮೊದಲ್ನೇ ದಿನಾನೇ ಎರಡೇಟು ಹಾಕಿ ನೋಡ್ಬೇಕಾಗಿತ್ತು. ಮಂಗಳಾ, ಆಟೋ ಕರಿ. ಈಗ್ಲೇ."

ದೊಡ್ಡ ಆಸ್ಪತ್ರೆಯಲ್ಲಿ ಸೇರಿಸಿಕೊಂಡರು. ಸತ್ತ ಮಾಂಸವನ್ನು ಕತ್ತರಿಸಿ ತೆಗೆದರು, ಮಾತ್ರೆ ನಿಲ್ಲಿಸಿ ಇಂಜೆಕ್ಷನ್ ಶುರುಮಾಡಿದರು. ವಯಸ್ಸಾದ ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. "ಸೋಮವಾರದವರೆಗೆ ನೋಡ್ತೀವಿ. ಕೆಂಪು ಮೇಲಕ್ಕೆ ಹತ್ತದಿದ್ರೆ ಬೆರಳಿಗೆ ಮುಗೀತದೆ. ಹತ್ತಿದ್ರೆ ಪಾದ ಉಳಿಯೋದು ಕಷ್ಟ," ಎಂದರು. ರುದ್ರೇಶ ಆಫೀಸಿನಿಂದ ಓಡಿ ಬಂದಿದ್ದ. ಚಪ್ಪಲಿಯಿಂದ ಆ ಪಿನ್ನು ಕಿತ್ತು ಷರ್ಟಿನ ಜೇಬಿಗೆ ಹಾಕಿಕೊಂಡ. ಎಷ್ಟೋ ದಿನ ಅದು ಅವನ ಜೇಬಿನಲ್ಲೇ ಇತ್ತು. ನಿಮ್ಮಮ್ಮ ಒಗೆಯುವಾಗ ತೆಗೆದಿಟ್ಟರೆ ಮತ್ತೆ ಹಾಕಿಕೊಳ್ಳುತ್ತಿದ್ದ.

ಶುಕ್ರವಾರದಿಂದ ಸೋಮವಾರ. ಕಾಲು ಅಲ್ಲಾಡಿಸಬಾರದು ಎಂದು ಕಟ್ಟಿ ಮಲಗಿಸಿದ್ದರು. ನಡೆದು ನಡೆದು ತಳಮಳ ಕಳೆಯುತ್ತಿದ್ದವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಡಾಕ್ಟರು ಕಾಲಿನ ಮೇಲೆ ಇಂಕಿನಲ್ಲಿ ಒಂದು ಗೆರೆ ಎಳೆದಿದ್ದರು, ಕೆಂಪು ಎಲ್ಲಿಯವರೆಗೆ ಇದೆ ಎಂದು. ಅರ್ಧ ಗಂಟೆಗೊಮ್ಮೆ ತಲೆಯೆತ್ತಿ ಆ ಗೆರೆ ನೋಡುತ್ತಿದ್ದೆ. ದಾಟಿದಂತೆ ಕಾಣುತ್ತಿತ್ತು. ಇಲ್ಲ ಎನಿಸುತ್ತಿತ್ತು. ಮತ್ತೆ ನೋಡುತ್ತಿದ್ದೆ. ಅಪ್ಪನ ಚಾಪೆ ನೆನಪಾಗುತ್ತಿತ್ತು. ನಾಳೆ ನನಗೂ ಬರಿಯ ಚಾಪೆ ಸವರುವವರು ಯಾರು, ಈ ಎರಡು ಸಣ್ಣ ಮಕ್ಕಳೇ?

ಶನಿವಾರ ಮಧ್ಯಾಹ್ನ ಗಿರಿಜಮ್ಮನವರು ಟವೆಲು ಹಿಡಿದುಕೊಂಡು ವಾರ್ಡಿಗೆ ಬಂದರು. ರೌಂಡ್ಸಿಗೆ ಬಂದಿದ್ದ ಡಾಕ್ಟರನ್ನೇ ನೇರವಾಗಿ ಕೇಳಿದರು.

"ಸ್ವಾಮಿ, ಇವಳ ಎಡಗಾಲು ಒಸಿ ಒತ್ಲಾ?"

ಡಾಕ್ಟರು ಎಡಗಾಲನ್ನು ಬೆರಳ ಸಂದಿಯವರೆಗೂ ತಿರುಗಿಸಿ ನೋಡಿದರು. "ಇದ್ರಲ್ಲಿ ಗಾಯ ಇಲ್ಲ. ಮೆತ್ತಗೆ ಒತ್ತಿ. ಬಲಗಾಲಿಗೆ ಕೈ ಹಾಕಂಗಿಲ್ಲ. ಇದ್ರಿಂದ ಸಕ್ಕರೆ ಇಳೀತದೆ ಅಂತ ಮಾತ್ರ ಯಾರಿಗೂ ಹೇಳ್ಬೇಡಿ."

"ನಾನು ಹೇಳಿದ್ರೆ ತಾನೆ?" ಎಂದರು ಗಿರಿಜಮ್ಮನವರು.

ವಾರ್ಡಿನ ಇಪ್ಪತ್ತು ಹೆಂಗಸರ ಎದುರಿಗೆ ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡರು. ಈ ಸಲ ನಾನು ಎಳೆದುಕೊಳ್ಳಲಿಲ್ಲ. ಒತ್ತಿದ್ದು ಕೆಲವು ಕಡೆ ತಿಳಿಯಿತು, ಕೆಲವು ಕಡೆ ತಿಳಿಯಲಿಲ್ಲ. ಆದರೆ ಕಾಲನ್ನು ಯಾರೋ ಹಿಡಿದಿದ್ದಾರೆ ಎಂಬುದು ತಿಳಿಯುತ್ತಿತ್ತು. ಗೆರೆ ನೋಡುವುದನ್ನು ಅಷ್ಟು ಹೊತ್ತು ಮರೆತೆ. ಪಕ್ಕದ ಮಂಚದ ಮುದುಕಿ, "ನಂಗೂ ಒಸಿ ಒತ್ತವ್ವ, ನಿನ್ ಕೈ ತಣ್ಗಿರ್ಲಿ," ಎಂದಳು. ಗಿರಿಜಮ್ಮನವರು ನರ್ಸಮ್ಮನನ್ನು ಕೇಳಿ, ಭಾನುವಾರದ ಹೊತ್ತಿಗೆ ಮೂರು ಮಂಚಗಳಿಗೆ ಹೋಗಿ ಕೂರುತ್ತಿದ್ದರು. ಪ್ರತಿಯೊಬ್ಬರ ಅಂಗಾಲನ್ನೂ ಮೊದಲು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿಯೇ ಒತ್ತುತ್ತಿದ್ದರು.

ಸೋಮವಾರ ಡಾಕ್ಟರು ಬಂದಾಗ ಗೆರೆಯಿಂದ ಎರಡು ಬೆರಳು ಕೆಳಕ್ಕೆ ಕೆಂಪು ಇಳಿದಿತ್ತು. ಪಾದ ಉಳಿಯಿತು. ಎರಡನೇ ಬೆರಳು ಹೋಯಿತು. ಕಾಲುಂಗುರ ಹಾಕಿಕೊಳ್ಳುತ್ತಿದ್ದ ಬೆರಳದು. ನಿಮ್ಮ ತಾತ ಹೋದ ದಿನ ಉಂಗುರ ತೆಗೆದಿದ್ದರೂ ಅದರ ಸುತ್ತ ಒಂದು ತಗ್ಗು ಹಾಗೇ ಉಳಿದಿತ್ತು. ಸ್ನಾನ ಮಾಡುವಾಗ ಬೆರಳಾಡಿಸುತ್ತಿದ್ದೆ. ಅದಕ್ಕಾಗಿ ಒಂದು ದಿನ ಅತ್ತೆ. ಗಾಯ ಮಾಯಲು ಎರಡು ತಿಂಗಳಿಗಿಂತ ಹೆಚ್ಚೇ ಹಿಡಿಯಿತು.

ಗಾಯ ವಾಸಿಮಾಡಿದ್ದು ಇಂಜೆಕ್ಷನ್ನು, ಡ್ರೆಸ್ಸಿಂಗು, ಡಾಕ್ಟರ ಕತ್ತರಿ. ಅಂಗಾಲು ಒತ್ತಿದ್ದರಿಂದ ಕಾಯಿಲೆ ಹೋಯಿತು ಎಂದು ಯಾರಾದರೂ ನನ್ನ ಹೆಸರಿನಲ್ಲಿ ಹೇಳಿದರೆ ನಂಬಬೇಡಿ. ಆದರೆ ಔಷಧದ ಜೊತೆಗೆ ಅದೂ ಇದ್ದದ್ದರಿಂದ ನಾನು ಆ ಮೂರು ದಿನ ಹುಚ್ಚಿಯಾಗದೆ ಉಳಿದೆ. ಆಮೇಲಿನ ವರ್ಷಗಳಲ್ಲಿ ತಳಮಳ ಎದ್ದಾಗಲೆಲ್ಲ ಅದೇ ನನ್ನನ್ನು ಒಂದು ಕಡೆ ಕೂರಿಸಿತು. ಗಿರಿಜಮ್ಮನವರು ನನಗೂ ಕಲಿಸಿದರು. ನಮ್ಮ ಬೀದಿಯ ಹೆಂಗಸರು ನಡುಮನೆಗೆ ಬಂದು ಕಾಲು ಚಾಚಿ ಕೂರುತ್ತಾರಲ್ಲ, ಅದು ಅಲ್ಲಿಂದ ಬಂದದ್ದು. ಮೊದಲು ನೋಡು, ಆಮೇಲೆ ಒತ್ತು. ಗಾಯ ಕಂಡರೆ ಕೈ ಹಿಂದಕ್ಕೆ ತೆಗೆದು ಡಾಕ್ಟರ ಹತ್ತಿರ ಕಳಿಸು. ಅವರು ಹೇಳಿಕೊಟ್ಟದ್ದು ಇಷ್ಟೇ. ಅವರ ಕೊನೆಯ ವರ್ಷದಲ್ಲಿ ಅವರ ಕಾಲನ್ನು ನಾನು ಒತ್ತಿದೆ. ಎಡ ಹಿಮ್ಮಡಿಯ ಒಳಗಡೆ ತಂದೆಗೆ ಇದ್ದಂಥದೇ ಮಚ್ಚೆ ಇತ್ತು.

ಇಷ್ಟು ಬರೆದು ನೆನ್ನೆ ನಿಲ್ಲಿಸಿದ್ದೆ. ನಿಮಗೆ ಕೊಟ್ಟು, ನೀವು ಓದಿ, ನಿಮ್ಮಪ್ಪನಿಗೆ ತಲುಪಿಸುವ ಹೊತ್ತಿಗೆ ಎಷ್ಟು ದಿನವಾಗುತ್ತದೋ ಎಂದು ಹೆದರಿಕೆಯಾಯಿತು. ಇವತ್ತು ಸಂಜೆ ಅವನು ಆಫೀಸಿನಿಂದ ಬಂದು ಕೂತ ಕೂಡಲೇ ಸ್ಟೂಲು ತೆಗೆದುಕೊಂಡು ಹೋಗಿ ಎದುರು ಕೂತೆ. ತೊಡೆಯ ಮೇಲೆ ಟವೆಲು ಹಾಸಿಕೊಂಡೆ.

"ಕೊಡು ಕಾಲು."

"ಹೋಗವ್ವ. ಹೆತ್ತವ್ವನ ಕೈಲಿ ಕಾಲು ಹಿಡಿಸ್ಕಂಡ್ರೆ ನಂಗೆ ಒಳ್ಳೇದಾದಾತಾ?"

"ಹಿಂಗೇ ಅಂದಿದ್ದೆ ನಾನೂವೆ."

ಸೀರೆ ಮೇಲೆತ್ತಿ ನನ್ನ ಬಲಗಾಲನ್ನು ಅವನ ಮುಂದೆ ಚಾಚಿದೆ. ಹತ್ತು ವರ್ಷದಿಂದ ಇದೇ ಮನೆಯಲ್ಲಿ ಓಡಾಡುವ ಕಾಲು. ಅವನು ಅದನ್ನು ಕಣ್ಣಿಟ್ಟು ನೋಡಿದ್ದು ಆಸ್ಪತ್ರೆ ಬಿಟ್ಟಮೇಲೆ ಅದೇ ಮೊದಲು ಎಂದು ಅವನ ಮುಖವೇ ಹೇಳಿತು. ಬೆರಳಿಲ್ಲದ ಜಾಗವನ್ನು ನೋಡಿದ. ಆಮೇಲೆ ತನ್ನ ಬಲಗಾಲನ್ನು ನನ್ನ ತೊಡೆಯ ಮೇಲಿಟ್ಟ.

ಕನ್ನಡಕ ಹಾಕಿಕೊಂಡು ದೀಪದ ಕಡೆ ತಿರುಗಿಸಿದೆ. ಹಿಮ್ಮಡಿಯ ಪಕ್ಕದಲ್ಲಿ, ಕಲ್ಲಿಗೆ ತಿಕ್ಕಿದ ಕಡೆ ಚರ್ಮ ಕಿತ್ತು, ಕಡಲೆಕಾಳಿನಷ್ಟು ಹಸಿ ಗಾಯ.

"ನೋವಿಲ್ವೇನೋ?"

"ಎಲ್ಲಿ? ಏನದೆ ಅಲ್ಲಿ?" ಎಂದ.

ತೋರಿಸಿದೆ. ಅವನು ಬಗ್ಗಿ ನೋಡಿದ. ನಾಳೆ ಬೆಳಿಗ್ಗೆ ರಜ ಹಾಕಿ ಡಾಕ್ಟರ ಹತ್ತಿರ ಹೋಗೋಣ ಎಂದೆ. ಹೂಂ ಎಂದ. ಆ ಕಾಲನ್ನು ಒತ್ತದೆ, ಒಗೆದ ಬಟ್ಟೆ ಸುತ್ತಿ ಕೆಳಗಿಟ್ಟು, ಟವೆಲನ್ನು ತೊಡೆಯ ಮೇಲೆ ಮತ್ತೆ ಸರಿಮಾಡಿಕೊಂಡೆ.

ಎಡಗಾಲನ್ನು ನಾನು ಕೇಳಲಿಲ್ಲ. ಅವನೇ ಕೊಟ್ಟ.